ಎರಡು ಗಂಟೆಗೆಂದು ಇಳಿದವರು ವಡ್ನಗರದಲ್ಲೇ ಉಳಿದರು

ರಜೆ ಸಿಕ್ಕಿತೆಂದರೆ ಊರಿನ ರೈಲು ಹಿಡಿಯುವುದು ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರ ವಾಡಿಕೆ. ಮಗಳ ಮದುವೆ, ಅಣ್ಣನ ಗೃಹಪ್ರವೇಶ, ದೈವದ ಕೋಲ ಎಂದು ವರ್ಷದ ರಜೆಯೆಲ್ಲ ತಾಯ್ನಾಡಿನ ಲೆಕ್ಕಕ್ಕೇ ಜಮೆಯಾಗುತ್ತದೆ. ಹೀಗಾಗಿ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಮೂವತ್ತು ವರ್ಷ ದುಡಿದವರಲ್ಲೂ ದ್ವಾರಕೆ, ಸೋಮನಾಥ, ಅಂಬಾಜಿ ಬಿಟ್ಟು ಬೇರೆ ಗುಜರಾತನ್ನು ನೋಡಿದವರು ಕಡಿಮೆ.

ವಡೋದರಾದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಉಡುಪಿ ಕಡೆಯ ಹಿರಿಯರು ಮತ್ತು ಅವರ ಪತ್ನಿಯೂ ಇದೇ ಪೈಕಿ. 2023ರ ಡಿಸೆಂಬರ್‌ನಲ್ಲಿ ಅಂಬಾಜಿ ದರ್ಶನಕ್ಕೆ ಹೊರಟ ಈ ದಂಪತಿ, ದಾರಿಯಲ್ಲಿ ಎರಡು ಗಂಟೆ ಇಳಿದು ನೋಡೋಣವೆಂದು ವಡ್ನಗರದಲ್ಲಿ ಇಳಿದರು. ಅಂಬಾಜಿಯ ಬಸ್ ಹತ್ತಿದ್ದು ಮರುದಿನ ಬೆಳಿಗ್ಗೆ!

ವಡ್ನಗರ ಮೆಹಸಾಣಾ ಜಿಲ್ಲೆಯ ಊರು. ಅಹಮದಾಬಾದಿನಿಂದ ಸುಮಾರು 110 ಕಿ.ಮೀ. ಪ್ರಧಾನಿ ನರೇಂದ್ರ ಮೋದಿಯವರ ಹುಟ್ಟೂರು ಎಂಬುದು ಎಲ್ಲರಿಗೂ ಗೊತ್ತು. ಅಷ್ಟಕ್ಕೇ ನಿಲ್ಲಿಸುವವರು ಹೆಚ್ಚು. ರೈಲ್ವೆ ನಿಲ್ದಾಣದ ಚಹಾ ಅಂಗಡಿಯ ಮುಂದೆ ಫೋಟೊ ತೆಗೆಸಿಕೊಂಡು ಹಿಂತಿರುಗುವವರೂ ಇದ್ದಾರೆ. ಆದರೆ ಊರಿನ ಜೀವ ಇರುವುದು ಶರ್ಮಿಷ್ಠಾ ಕೆರೆಯಲ್ಲಿ. ಹಳೆಯ ಪೇಟೆ ದಿಬ್ಬದ ಮೇಲಿದೆ. ಒಂದರ ಮೇಲೊಂದು ಕಾಲದ ಮನೆಗಳು ಕುಸಿದು, ಅದರ ಮೇಲೆ ಮತ್ತೆ ಮನೆ ಕಟ್ಟಿ ಎದ್ದ ದಿಬ್ಬವದು. ಅದರ ಅಂಚಿಗೆ ನೀರು. ಕೆರೆಯ ಸಮೀಪದಲ್ಲೇ ಸೋಲಂಕಿ ಅರಸರ ಕಾಲದ ಕೀರ್ತಿತೋರಣಗಳು ನಿಂತಿವೆ. 12ನೇ ಶತಮಾನದವು, ನಲವತ್ತು ಅಡಿಯಷ್ಟು ಎತ್ತರ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಜೋಡಿಸಿದ್ದು. ಹಂಪಿ, ಬೇಲೂರು ನೋಡಿದ ಕಣ್ಣಿಗೂ ಇದು ಸಣ್ಣದೆನಿಸುವುದಿಲ್ಲ.

ಕೆರೆಯಲ್ಲಿ ದೋಣಿ ಇದೆಯೆಂದು ತಿಳಿದಾಗ ಪತ್ನಿಗೆ ಉತ್ಸಾಹ, ಪತಿಗೆ ಹಿಂಜರಿಕೆ. ಕೊನೆಗೆ ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಇಬ್ಬರೂ ಲೈಫ್ ಜಾಕೆಟ್ ತೊಟ್ಟು, ಅದರ ಪಟ್ಟಿಗಳನ್ನೆಲ್ಲ ಬಿಗಿದ ಮೇಲೆಯೇ ದೋಣಿಗೆ ಕಾಲಿಡುವುದು.

"ಇದೆಂತದು ಮಾರಾಯ್ರೆ, ರೇಷ್ಮೆ ಸೀರೆಯ ಮೇಲೆ ಯಕ್ಷಗಾನದ ವೇಷದ ಹಾಗೆ! ಫೋಟೊ ತೆಗೆದರೆ ಮಕ್ಕಳು ನಗಾಡ್ತಾರೆ."

"ನಗಾಡಲಿ. ನಿನಗೆ ಸೂರಸಾಗರ ಮರೆತು ಹೋಯಿತಾ?"

ಸೂರಸಾಗರ ವಡೋದರಾ ನಗರದ ನಟ್ಟನಡುವಿನ ಕೆರೆ. 1993ರ ಆಗಸ್ಟ್ 11ರಂದು ಅಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ಪ್ರಾಣ ಕಳೆದುಕೊಂಡರು. ಆಗ ಈ ದಂಪತಿ ವಡೋದರಾಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಆ ವಾರವಿಡೀ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಪತ್ನಿ ಮರುಮಾತಾಡದೆ ಪಟ್ಟಿ ಬಿಗಿದುಕೊಂಡರು.

ಆಮೇಲಿನ ಅರ್ಧ ಗಂಟೆಯನ್ನು ಅವರಿಬ್ಬರೂ ಬಹಳ ಸಂತೋಷದಿಂದ ನೆನೆಯುತ್ತಾರೆ. ಚಳಿಗಾಲದ ಎಳೆ ಬಿಸಿಲು, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರ ಸದ್ದು, ನೀರಿನಾಚೆ ದಿಬ್ಬದ ಮೇಲಿನ ಹಳೆಯ ಮನೆಗಳ ಸಾಲು. ಮೂವತ್ತು ವರ್ಷ ಗಂಡ ಪಾಳಿ, ಹೆಂಡತಿ ಅಡುಗೆಮನೆ ಎಂದು ಓಡಿದವರಿಗೆ ಎದುರುಬದುರು ಸುಮ್ಮನೆ ಕೂರುವುದೇ ಹೊಸತು. ಇಳಿದ ಮೇಲೆ ಬಸ್ಸಿನ ನೆನಪಾಗಲಿಲ್ಲ. ಖಮಣ್ ತಿಂದು, ನಾಗರ ಬ್ರಾಹ್ಮಣರ ಕುಲದೈವವಾದ ಹಾಟಕೇಶ್ವರನ ದರ್ಶನ ಪಡೆದು, ತಾನಾ-ರೀರಿ ಉದ್ಯಾನದ ಕಡೆ ನಡೆದರು. ದೀಪಕ ರಾಗ ಹಾಡಿ ಮೈ ಉರಿ ಹತ್ತಿದ್ದ ತಾನಸೇನನನ್ನು ಮಲ್ಹಾರ ಹಾಡಿ ತಣಿಸಿದ ಸಹೋದರಿಯರಿವರು ಎಂಬುದು ಇಲ್ಲಿನ ಐತಿಹ್ಯ. ಅಕ್ಬರನ ಆಸ್ಥಾನಕ್ಕೆ ಹೋಗಿ ಹಾಡಲೊಪ್ಪದೆ ಪ್ರಾಣವನ್ನೇ ಬಿಟ್ಟರಂತೆ. ಅವರ ಹೆಸರಿನಲ್ಲಿ ದೀಪಾವಳಿಯ ನಂತರ ಸಂಗೀತೋತ್ಸವ ನಡೆಯುತ್ತದೆ. ಸಂಘಗಳಲ್ಲಿ ಭಜನೆ, ಸಂಗೀತ ನಡೆಸುವ ಮಹಿಳಾ ವಿಭಾಗದವರು ಗಮನಿಸಬೇಕಾದ ಸಂಗತಿ.

ಕನ್ನಡಿಗರಿಗೆ ಈ ಊರು ಪೂರ್ತಿ ಪರಸ್ಥಳವೂ ಅಲ್ಲ. 7ನೇ ಶತಮಾನದಲ್ಲಿ ಭಾರತ ಸುತ್ತಿದ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್, ವಡ್ನಗರವೆಂದು ವಿದ್ವಾಂಸರು ಗುರುತಿಸುವ ಆನಂದಪುರದ ಬೌದ್ಧ ವಿಹಾರಗಳ ಬಗ್ಗೆ ಬರೆದಿದ್ದಾನೆ. ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನೂ, ಅವನ ಸೈನಿಕರ ಶೌರ್ಯವನ್ನೂ ಬಣ್ಣಿಸಿದವನು ಇದೇ ಯಾತ್ರಿಕ. ವಡ್ನಗರದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ಬೌದ್ಧ ವಿಹಾರದ ಅವಶೇಷಗಳು ಸಿಕ್ಕಿವೆ. ಇನ್ನು ಸೂರತ್ತಿನವರು ದೂರ ಹೋಗುವುದೇ ಬೇಡ: ಪಕ್ಕದ ನವಸಾರಿಯಲ್ಲಿ ಚಾಲುಕ್ಯರದೇ ಒಂದು ಶಾಖೆ ಆಳುತ್ತಿತ್ತು. ಆ ಮನೆತನದ ಅವನಿಜನಾಶ್ರಯ ಪುಲಿಕೇಶಿ ಅರಬ್ಬರ ದಾಳಿಯನ್ನು ಹಿಮ್ಮೆಟ್ಟಿಸಿದ್ದನ್ನು ನವಸಾರಿಯ ತಾಮ್ರಶಾಸನ ಹೇಳುತ್ತದೆ. ಹೊಟ್ಟೆಪಾಡಿಗೆ ಹೋಟೆಲು ತೆರೆಯಲು ಬಂದವರಿಗಿಂತ ಸಾವಿರದ ಇನ್ನೂರು ವರ್ಷ ಮೊದಲೇ ಕನ್ನಡ ನಾಡಿನ ಅರಸು ಮನೆತನ ಇಲ್ಲಿತ್ತು ಎಂದಾಯಿತು.

ದಂಪತಿ ವಡೋದರಾಕ್ಕೆ ಮರಳಿ ಕೆಲವೇ ವಾರಗಳಾಗಿದ್ದವು. 2024ರ ಜನವರಿ 18ರ ಸಂಜೆ ಅದೇ ನಗರದ ಹರಣಿ ಕೆರೆಯಲ್ಲಿ ಶಾಲಾ ಮಕ್ಕಳ ಪಿಕ್ನಿಕ್ ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯ ಶಕ್ತಿಗೆ ಮೀರಿ ಜನರನ್ನು ಹತ್ತಿಸಲಾಗಿತ್ತು. ಲೈಫ್ ಜಾಕೆಟ್ ಎಲ್ಲರಿಗೂ ಇರಲಿಲ್ಲ. ಗುಜರಾತ್ ಹೈಕೋರ್ಟ್ ಈ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಮೂವತ್ತು ವರ್ಷದ ಅಂತರದಲ್ಲಿ ಒಂದೇ ಊರು, ಒಂದೇ ಕಾರಣ. ಇದನ್ನು ವಿಧಿ ಎಂದು ಕರೆಯುವುದು ಸರಿಯಲ್ಲ; ಎಷ್ಟು ಮಂದಿ ಹತ್ತಿದರೆಂದು ಎಣಿಸುವುದು ವಿಧಿಯ ಕೆಲಸವಲ್ಲ.

ಯಾರಿಗೂ ತೋರಿಸದೆ ಮೊಬೈಲಿನಲ್ಲಿ ಇಟ್ಟುಕೊಂಡಿದ್ದ ಶರ್ಮಿಷ್ಠಾ ಕೆರೆಯ ಫೋಟೊವನ್ನು ಪತ್ನಿ ಆ ರಾತ್ರಿ ಸಂಘದ ಮಹಿಳಾ ಬಳಗಕ್ಕೆ ಕಳಿಸಿದರು: ರೇಷ್ಮೆ ಸೀರೆ, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್. ಯಾರೂ ನಗಲಿಲ್ಲ.

ಮುಂದಿನ ಪಿಕ್ನಿಕ್ ಸಭೆಯಲ್ಲಿ ಕೆಲವರು ದೋಣಿಯೇ ಬೇಡವೆಂದರು. ಈ ಹಿರಿಯರು ಮಾತ್ರ, ನೀರಿಗೆ ಹೆದರಿ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುವುದು ಬೇಡ, ದೋಣಿಯ ಮೇಲೆ ಬರೆದ ಸಂಖ್ಯೆಯನ್ನು ಓದಿ, ತಲೆ ಎಣಿಸಿ, ಒಂದು ಜಾಕೆಟ್ ಕಡಿಮೆಯಾದರೂ ಯಾರನ್ನೂ ಹತ್ತಿಸಬಾರದು ಎಂದು ವಾದಿಸಿದರು. ಸಂಖ್ಯೆ ಬರೆದಿರದಿದ್ದರೆ? ಆ ದೋಣಿ ಬಿಟ್ಟು ದಡದಲ್ಲೇ ಬುತ್ತಿ ಬಿಚ್ಚುವುದು. ಬಹಳ ಚರ್ಚೆಯ ನಂತರ ಸಮಿತಿ ಇದನ್ನೇ ಒಪ್ಪಿತು. ಎಣಿಸುವ ಕೆಲಸವನ್ನೂ ಅವರಿಗೇ ಒಪ್ಪಿಸಿತು.

ಹೋಗಬಯಸುವವರಿಗೆ: 2021ರ ಜುಲೈನಲ್ಲಿ ಗಾಂಧಿನಗರ–ವರೇಠಾ ಮೆಮು ರೈಲು ಆರಂಭವಾದ ಮೇಲೆ ವಡ್ನಗರ ಪ್ರಯಾಣ ಸುಲಭವಾಗಿದೆ. ದಂಪತಿ ಹೋದಾಗ ಇಲ್ಲದಿದ್ದ ಪುರಾತತ್ತ್ವ ಅನುಭವ ಸಂಗ್ರಹಾಲಯ 2025ರ ಜನವರಿ 16ರಂದು ಉದ್ಘಾಟನೆಯಾಗಿದೆ. ವೆಚ್ಚ ಸುಮಾರು 298 ಕೋಟಿ ರೂಪಾಯಿ. ಅದಕ್ಕೇ ಅರ್ಧ ದಿನ ಬೇಕು. ಮೊಢೇರಾದ ಸೂರ್ಯ ದೇವಾಲಯವನ್ನೂ ಸೇರಿಸಿಕೊಳ್ಳುವವರು ಮೆಹಸಾಣಾದಲ್ಲಿ ರಾತ್ರಿ ತಂಗುವುದು ಒಳ್ಳೆಯದು.