ಡ್ರೋನು ಪೆಟ್ಟಿಗೆಯಲ್ಲಿ, ಬ್ಯಾಟರಿ ಕೈಯಲ್ಲಿ! ಫಾರಿನ್ ಷೂಟಿಂಗಿನ ಒಳಗುಟ್ಟು

ಹಿಮದ ಬೆಟ್ಟದ ನೆತ್ತಿಯಿಂದ ಕ್ಯಾಮರಾ ಹದ್ದಿನ ಹಾಗೆ ಇಳಿದು ಬರುತ್ತದೆ. ಕೆಳಗೆ ನೀಲಿ ಸರೋವರ. ದಂಡೆಯಲ್ಲಿ ಚುಕ್ಕೆಯಷ್ಟು ಕಾಣುವ ಹೀರೋ, ಹೀರೋಯಿನ್. ಹತ್ತಿರ ಬಂದಂತೆ ಹಾಡು ಶುರು. ಮುಂದಿನ ಬೆಂಚಿನಲ್ಲಿ ಸಿಳ್ಳೆಯೋ ಸಿಳ್ಳೆ!

1970ರ ದಶಕದ ಕೊನೆಯಲ್ಲಿ ದ್ವಾರಕೀಶ್ ಯೂನಿಟ್ ಕಟ್ಟಿಕೊಂಡು ಹೋಗಿ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ತೆಗೆದ ಕಾಲದಲ್ಲಿ ಇಂಥ ಷಾಟ್ ಬೇಕೆಂದರೆ ಹೆಲಿಕಾಪ್ಟರೇ ಬೇಕಿತ್ತು. ಈಗ ಒಂದು ಕಿಲೋ ಕೂಡ ತೂಗದ ಡ್ರೋನು ಆ ಕೆಲಸ ಮಾಡಿಬಿಡುತ್ತದೆ. ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತಿದರೆ ಆಯ್ತು ಅಂತೀರಾ? ಅಲ್ಲೇ ಇರೋದು ಸಸ್ಪೆನ್ಸು!

ಏರ್‌ಪೋರ್ಟಿನಲ್ಲಿ ಆ ಬ್ಯಾಗ್ ಹಿಡಿದು ನಿಲ್ಲೋನು ಹೀರೋ ಅಲ್ಲ, ನಿರ್ಮಾಪಕರೂ ಅಲ್ಲ. ಅವನು ಕ್ಯಾಮರಾ ಅಸಿಸ್ಟೆಂಟ್ ಹುಡುಗ. ನಾಳೆ ಆ ಜಾಗದಲ್ಲಿ ನೀವೇ ಇರಬಹುದು. ಅವನ ಲೆಕ್ಕ ತಪ್ಪಿದರೆ ಯೂನಿಟ್ಟೆಲ್ಲ ಹಾರಿಹೋಗುತ್ತದೆ, ಡ್ರೋನು ಮಾತ್ರ ನೆಲದಲ್ಲೇ ಉಳಿಯುತ್ತದೆ!

ಬ್ಯಾಟರಿ ಕೈಯಲ್ಲೇ ಯಾಕೆ?

ಡ್ರೋನಿನ ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕುವ ಹಾಗೇ ಇಲ್ಲ. ಅವು ಪ್ರಯಾಣಿಕನ ಜೊತೆ ಕ್ಯಾಬಿನ್ನಿಗೇ ಬರಬೇಕು. ಇದು ಯಾವುದೋ ಒಂದು ಕಂಪನಿಯ ಹಟವಲ್ಲ, ಪ್ರಪಂಚಕ್ಕೆಲ್ಲ ಒಂದೇ ಕಾನೂನು.

ಕಾರಣ ಬೆಂಕಿ. ಲಿಥಿಯಂ ಬ್ಯಾಟರಿಯ ಒಂದು ಸೆಲ್ ಕೆಟ್ಟು ಕಾದರೆ ಪಕ್ಕದ ಸೆಲ್ಲಿಗೂ ಅದೇ ಗತಿ. ಒಂದಾದ ಮೇಲೊಂದು ಹತ್ತಿಕೊಳ್ಳುತ್ತದೆ. ವಿಮಾನದ ಹೊಟ್ಟೆಯಲ್ಲಿ ಬೆಂಕಿ ಆರಿಸುವ ಅನಿಲವೇನೋ ಇದೆ. ಅದು ಜ್ವಾಲೆಯನ್ನು ಅದುಮೀತು, ಬ್ಯಾಟರಿಯ ಒಳಗಿನ ಕಾವನ್ನಲ್ಲ. ಅದೇ ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ಓಡಿಬಂದು ನೀರು ಸುರಿದು ತಣ್ಣಗೆ ಮಾಡಬಹುದು.

ಇದು ಬರೀ ಹೆದರಿಸೋ ಮಾತಲ್ಲ. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್ ಕಂಪನಿಯ ಬೋಯಿಂಗ್ 747 ಸರಕು ವಿಮಾನಕ್ಕೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳಿದ್ದ ಸರಕಿನಲ್ಲೇ ಬೆಂಕಿ ಹುಟ್ಟಿತ್ತು. ಇಬ್ಬರು ಪೈಲಟ್‌ಗಳೂ ತೀರಿಕೊಂಡರು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದಲ್ಲಿ ಏರ್ ಬೂಸಾನ್ ವಿಮಾನ ನೆಲದ ಮೇಲಿದ್ದಾಗಲೇ ಉರಿಯಿತು. ಬೆಂಕಿ ಕಂಡಿದ್ದು ತಲೆಯ ಮೇಲಿನ ಲಗೇಜ್ ಗೂಡಿನಲ್ಲಿ. ಅನುಮಾನ ಬಿದ್ದದ್ದು ಪವರ್ ಬ್ಯಾಂಕಿನ ಮೇಲೆ. ಪುಣ್ಯಕ್ಕೆ ಒಳಗಿದ್ದ 176 ಜನರೂ ಬದುಕಿದರು. ಅದಕ್ಕೇ ಬ್ಯಾಟರಿ ಚೀಲ ಮೇಲಿನ ಗೂಡಿಗಿಂತ ಕಾಲಬಳಿ, ಕಣ್ಣೆದುರಿಗೆ ಇರೋದೇ ಮೇಲು.

ನೂರರ ಲೆಕ್ಕ

ಬ್ಯಾಟರಿಯ ಮೈಮೇಲೆ ವೋಲ್ಟ್ ಮತ್ತು ಎಂಎಎಚ್ ಅಂತ ಎರಡು ಸಂಖ್ಯೆ ಇರುತ್ತದೆ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿ. ಬಂದದ್ದೇ ವಾಟ್-ಅವರ್. ಮ್ಯಾವಿಕ್ 3 ಡ್ರೋನಿನ ಬ್ಯಾಟರಿ 15.4 ವೋಲ್ಟ್, 5000 ಎಂಎಎಚ್. ಲೆಕ್ಕ ಹಾಕಿದರೆ 77 ವಾಟ್-ಅವರ್.

100ರವರೆಗೆ ಅನುಮತಿ ಬೇಡ. 100 ದಾಟಿ 160ರವರೆಗೆ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಬಿಡಿ ಬ್ಯಾಟರಿ ಎರಡೇ. 160 ಮೀರಿತೋ, ಪ್ರಯಾಣಿಕನ ಲಗೇಜಿನಲ್ಲಿ ಅದಕ್ಕೆ ಜಾಗವೇ ಇಲ್ಲ! ದೊಡ್ಡ ಚಿತ್ರಗಳಿಗೆ ಬಳಸುವ ಇನ್‌ಸ್ಪೈರ್ 3 ಡ್ರೋನಿನ ಬ್ಯಾಟರಿ ಎಷ್ಟು ಗೊತ್ತೇ? 98.8! ಕೂದಲೆಳೆಯಲ್ಲಿ ಪಾಸ್! ಆದರೆ ಅದು ಹಾರಬೇಕಾದರೆ ಒಟ್ಟಿಗೆ ಎರಡು ಬ್ಯಾಟರಿ ಬೇಕು. ಇಡೀ ದಿನದ ಷೂಟಿಂಗಿಗೆ ಎಷ್ಟು ಜೋಡಿ ಬೇಕಾದೀತು, ನೀವೇ ಊಹಿಸಿ. ಒಬ್ಬೊಬ್ಬರು ಎಷ್ಟು ಒಯ್ಯಬಹುದು ಅನ್ನೋದು ಕಂಪನಿಗೊಂದು ಥರ. ಟಿಕೆಟ್ ಮಾಡಿಸುವಾಗಲೇ ಕೇಳಿ, ಒಪ್ಪಿಗೆಯನ್ನು ಕಾಗದದಲ್ಲಿ ತಗೊಳ್ಳಿ. ಬ್ಯಾಟರಿಯ ತುದಿಗಳಿಗೆ ಟೇಪ್ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿಡಿ. ಊದಿಕೊಂಡ ಬ್ಯಾಟರಿಯನ್ನು ಮನೆಯಿಂದ ಹೊರಡಿಸಲೇ ಬೇಡಿ.

ಇಳಿದ ಮೇಲೆ ಕಾದಿರೋ ವಿಲನ್

ವಿಮಾನವೇನೋ ಬ್ಯಾಟರಿಗೆ ಒಪ್ಪಿತು. ಇಳಿಯುವ ದೇಶ ಡ್ರೋನಿಗೆ ಒಪ್ಪಬೇಡವೇ? ಇಲ್ಲೇ ಎಷ್ಟೋ ಜನ ಮುಗ್ಗರಿಸೋದು.

ಮರುಭೂಮಿ ಸೀನುಗಳಿಗೆ ಹಾಲಿವುಡ್ಡೇ ಹುಡುಕಿಕೊಂಡು ಹೋಗುವ ಮೊರಾಕ್ಕೋ ದೇಶದಲ್ಲಿ ಮುಂಚಿತ ಪರವಾನಗಿ ಇಲ್ಲದ ಡ್ರೋನನ್ನು ಕಸ್ಟಮ್ಸಿನವರು ಏರ್‌ಪೋರ್ಟಿನಲ್ಲೇ ತಡೆದು ಇಟ್ಟುಕೊಳ್ಳುತ್ತಾರೆ. ಪಿರಮಿಡ್ಡಿನ ಮೇಲೆ ಹಾರಿಸೋಣ ಅಂದ್ರೆ ಈಜಿಪ್ಟಿನಲ್ಲಿ ರಕ್ಷಣಾ ಇಲಾಖೆಯ ಅನುಮತಿ ಬೇಕು. ಸ್ವಿಟ್ಜರ್ಲೆಂಡ್ ಬಾಗಿಲು ಮುಚ್ಚಿಲ್ಲ. ಆದರೆ 2023ರ ಜನವರಿಯಿಂದ ಅಲ್ಲಿ ಯೂರೋಪಿನ ಡ್ರೋನ್ ಕಾನೂನೇ ಜಾರಿಯಲ್ಲಿದೆ. ಕ್ಯಾಮರಾ ಇರುವ ಡ್ರೋನು ಎಷ್ಟೇ ಪುಟ್ಟದಾಗಿರಲಿ, ಹಾರಿಸುವವನು ಹೆಸರು ನೋಂದಾಯಿಸಲೇಬೇಕು. ಸಾಮಾನ್ಯವಾಗಿ 120 ಮೀಟರಿಗಿಂತ ಮೇಲೆ ಹೋಗುವ ಹಾಗಿಲ್ಲ.

ಹಾಗಾಗಿ ಕಾನೂನು ಬಿಗಿಯಿರುವ ಕಡೆ ಅಲ್ಲಿನ ಪರವಾನಗಿ ಇರುವ ಡ್ರೋನ್ ತಂಡವನ್ನೇ ಬಾಡಿಗೆಗೆ ಹಿಡಿಯೋದು ಜಾಣತನ. ಸ್ವಂತ ಸಾಮಾನೇ ಬೇಕೆನ್ನುವ ದೊಡ್ಡ ಯೂನಿಟ್ಟಿಗೆ ‘ಕಾರ್ನೆ’ ಎಂಬ ಪತ್ರವಿದೆ. ನಮ್ಮ ದೇಶದಲ್ಲಿ ಅದನ್ನು ಕೊಡೋದು ಫಿಕ್ಕಿ ಸಂಸ್ಥೆ. ಅದು ಸುಂಕದ ತಲೆನೋವು ಕಳೆಯುತ್ತದೆ ಅಷ್ಟೇ, ಹಾರಿಸಲು ಅನುಮತಿ ಕೊಡೋದಿಲ್ಲ!

ಕ್ಲೈಮ್ಯಾಕ್ಸ್ ಇರೋದು ನಮ್ಮೂರಲ್ಲೇ!

ದುಬೈನಲ್ಲೋ ಸಿಂಗಪುರದಲ್ಲೋ ಸೋವಿಗೆ ಸಿಕ್ಕಿತು ಅಂತ ಡ್ರೋನು ಕೊಂಡು ತರೋ ಆಸೆ ಇದೆಯಾ? ಬಿಟ್ಟುಬಿಡಿ. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನಿನ ಆಮದಿಗೆ ಭಾರತ ಸರ್ಕಾರ ನಿಷೇಧ ಹಾಕಿದೆ. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ. ಸಿನಿಮಾಕ್ಕಿಲ್ಲ! ಕಸ್ಟಮ್ಸಿನವರು ಹಿಡಿದರೆ ಕೊಟ್ಟ ದುಡ್ಡು ಗೋವಿಂದ.

ಇಲ್ಲಿಂದಲೇ ಒಯ್ದ ಡ್ರೋನಾದರೋ? ಹೊರಡುವ ಮುಂಚೆ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಸೀರಿಯಲ್ ನಂಬರ್, ಬಿಲ್ಲು, ನೋಂದಣಿ ಕಾಗದ ಜೊತೆಗಿರಲಿ. ಇವಿಲ್ಲದೆ ವಾಪಸ್ ಬಂದಾಗ ‘ಇದು ನಮ್ದೇ ಸಾರ್, ಇಲ್ಲಿಂದಾನೇ ಹೋಗಿದ್ದು’ ಎಂದು ಎಷ್ಟು ಅಂಗಲಾಚಿದರೂ ನಂಬೋರು ಯಾರು?

ಕ್ಯಾಮರಾ ವಿಭಾಗ ಸೇರಬೇಕು ಎಂದು ಕನಸು ಕಾಣುವ ತಮ್ಮಂದಿರೇ, ಡ್ರೋನು ಹಾರಿಸೋಕೆ ಬರುವವರು ಈಗ ಊರಿಗೆ ಹತ್ತು ಜನ. ಅದನ್ನು ಗಡಿ ದಾಟಿಸಿ, ಷಾಟ್ ಮುಗಿಸಿ, ಹಾಗೇ ವಾಪಸ್ ತರೋನು ಸಿಗೋದೇ ಕಷ್ಟ. ಈ ಲೆಕ್ಕ, ಈ ಕಾಗದ ಗೊತ್ತಿರುವ ಹುಡುಗನನ್ನು ಯಾವ ಕ್ಯಾಮರಾಮನ್ ತಾನೇ ಬಿಟ್ಟು ಹೋಗ್ತಾರೆ?