ಹೊಸ ಪಾಟಿ, ಹಳೆಯ ಅಕ್ಷರ

ರೋಣ, ನರಗುಂದ, ಗಜೇಂದ್ರಗಡದ ಕಡೆಯ ನಮ್ಮಂಥವರು ಅಕ್ಷರ ಕಲಿತದ್ದು ಪಾಟಿಯ ಮೇಲೆ. ಈಗಿನ ಮಕ್ಕಳ ಕೈಗೆ ಇನ್ನೊಂದು ಪಾಟಿ ಬಂದಿದೆ. ಅದನ್ನು ಟ್ಯಾಬ್ಲೆಟ್ ಎನ್ನುತ್ತಾರೆ. ಛಾಯಾಚಿತ್ರಗಳನ್ನು ತಿದ್ದಿ ಸರಿಪಡಿಸುವುದಕ್ಕೆ ಗಣಕಯಂತ್ರವೇ ಬೇಕೋ, ಈ ಪಾಟಿಯೂ ಸಾಕೋ ಎಂದು ಓದುಗರಲ್ಲಿ ಕೆಲವರಾದರೂ ಯೋಚಿಸಿರಬಹುದು. ಮದುವೆಯ ಚಿತ್ರಗಳ ಮಾತನ್ನು ಸ್ಟುಡಿಯೋದವರಿಗೆ ಬಿಟ್ಟು, ನಾನು ಬಲ್ಲ ಶಾಸನಗಳ ಚಿತ್ರಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿವರಿಸುವೆನು.

ಗಜೇಂದ್ರಗಡದ ಹತ್ತಿರ ಸೂಡಿ ಎಂಬ ಊರಿದೆ. ಜೋಡು ಕಳಸದ ಗುಡಿ, ನಾಗಕುಂಡ ಇವುಗಳಿಂದ ಅದು ಪ್ರಸಿದ್ಧ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯ ಹೆಸರು ಅಲ್ಲಿಯ ಶಾಸನಗಳಲ್ಲಿ ಬರುತ್ತದೆ. ಬಾರ್ನೆಟ್ ಎಂಬ ವಿದ್ವಾಂಸರು 'ಎಪಿಗ್ರಾಫಿಯಾ ಇಂಡಿಕಾ'ದ 15ನೆಯ ಸಂಪುಟದಲ್ಲಿ ಸೂಡಿಯ ಶಾಸನಗಳನ್ನು ಪ್ರಕಟಿಸಿದರು. ಆ ಕಾಲದ ಪದ್ಧತಿಯೆಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು. ಅದು ನುರಿತ ಕೈಯ ಕೆಲಸ. ವಿದ್ಯಾರ್ಥಿಗೆ ಸುಲಭವಾದುದು ಛಾಯಾಚಿತ್ರ.

ಶಾಸನದ ಚಿತ್ರದಲ್ಲಿ ಮುಖ್ಯವಾದುದು ಬೆಳಕು. ಬೆಳಕು ನೇರವಾಗಿ ಬಿದ್ದರೆ ಅಕ್ಷರ ಕಾಣದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಪ್ರತಿ ಗೀರೂ ನೆರಳು ಚೆಲ್ಲಿ ಎದ್ದು ತೋರುತ್ತದೆ. ಆ ನೆರಳನ್ನು ಇನ್ನಷ್ಟು ಸ್ಪಷ್ಟಗೊಳಿಸುವುದೇ ತಿದ್ದುವಿಕೆಯ ಕೆಲಸ. ಸಾಮಾನ್ಯವಾದ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಿರುತ್ತವೆ. 14 ಬಿಟ್ಟಿನ 'ರಾ' ಚಿತ್ರದಲ್ಲಿ 16,384. ಮೆಟ್ಟಿಲು ಹೆಚ್ಚಿದ್ದಷ್ಟೂ ಕತ್ತಲೆಯಲ್ಲಿ ಅಡಗಿದ ಗೀರನ್ನು ಮೇಲೆತ್ತುವುದು ಸುಲಭ. ಆದ್ದರಿಂದ ಸಾಧ್ಯವಿದ್ದಲ್ಲಿ ಕ್ಯಾಮರಾವನ್ನು 'ರಾ'ದಲ್ಲಿಯೇ ಇಟ್ಟುಕೊಳ್ಳಬೇಕು.

ಈ ಕೆಲಸಕ್ಕೆ ಹಿಂದೆ ಗಣಕವೇ ಗತಿಯಾಗಿತ್ತು. ಐಪ್ಯಾಡ್ 2010ರಲ್ಲಿ ಬಂದಿತು. 2014ರಲ್ಲಿ ಲೈಟ್‌ರೂಮ್, 2019ರಲ್ಲಿ ಫೋಟೋಶಾಪ್ ಅದರೊಳಗೆ ಸೇರಿದವು. ಹಣ ಕೊಡದೆಯೇ ಸಿಗುವ ಸ್ನ್ಯಾಪ್‌ಸೀಡ್ ಸಹ ನಮ್ಮ ಶಾಲೆಯ ಮಟ್ಟಿಗೆ ಸಾಕು. ಚಿತ್ರವನ್ನು ನೇರಗೊಳಿಸುವುದು, ಬಣ್ಣ ತೆಗೆದು ಕಪ್ಪು-ಬಿಳುಪು ಮಾಡುವುದು, ನೆರಳು-ಬೆಳಕಿನ ಅಂತರ ಹೆಚ್ಚಿಸುವುದು, ಇಷ್ಟೇ ಕ್ರಮ.

ಪಾಟಿಯ ದೊಡ್ಡ ಗುಣವೆಂದರೆ ಅದು ಕಲ್ಲಿನ ಮುಂದೆಯೇ ಕೆಲಸ ಮಾಡುತ್ತದೆ. ಬ್ಯಾಟರಿ ತುಂಬಿಸಿಕೊಂಡು ಹೋದರೆ ಗುಡಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂಬ ಚಿಂತೆಯಿಲ್ಲ. ಒಂದು ಅಕ್ಷರದ ಬಗ್ಗೆ ಸಂದೇಹ ಬಂದರೆ ತಲೆಯೆತ್ತಿ ಕಲ್ಲನ್ನೇ ನೋಡಬಹುದು; ಬೇಕಾದರೆ ಅಲ್ಲಿಯೇ ಇನ್ನೊಂದು ಚಿತ್ರ ತೆಗೆಯಬಹುದು. ಮನೆಯ ಗಣಕದ ಮುಂದೆ ಕುಳಿತವನಿಗೆ ನೆನಪೊಂದೇ ಸಾಕ್ಷಿ.

ದೋಷಗಳನ್ನೂ ಹೇಳಬೇಕು. ಬಿಸಿಲಿನಲ್ಲಿ ಪರದೆ ಮಂಕಾಗಿ ಕಾಣುವುದರಿಂದ ನಾವು ಚಿತ್ರವನ್ನು ಅತಿಯಾಗಿ ಬೆಳಗಿಸುತ್ತೇವೆ. ಆದ್ದರಿಂದ ನೆರಳಿನಲ್ಲಿ ಕುಳಿತು ತಿದ್ದಬೇಕು. ಪರದೆಯನ್ನು ಹಳದಿಗೊಳಿಸುವ ರಾತ್ರಿಯ ವ್ಯವಸ್ಥೆಯನ್ನು ಆರಿಸಿಡಬೇಕು. ನೂರಾರು ಚಿತ್ರಗಳನ್ನು ವಿಂಗಡಿಸುವುದು, ನಾಲ್ಕಾರನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು, ಹೆಸರು ಹಚ್ಚಿ ಕಾಪಿಡುವುದು, ಇವಕ್ಕೆ ದೊಡ್ಡ ಪರದೆಯ ಗಣಕವೇ ಮೇಲು. ಪಾಟಿಯೊಂದರಲ್ಲಿಯೇ ಚಿತ್ರಗಳನ್ನು ಬಿಟ್ಟರೆ ಅದು ಕೆಟ್ಟ ದಿನ ಎಲ್ಲವೂ ಹೋಯಿತು. ಎರಡನೆಯ ಪ್ರತಿ ಬೇರೆ ಕಡೆ ಇರಲೇಬೇಕು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಈ ಸಾಧನಗಳಲ್ಲಿ ಕಲೆ ಅಳಿಸುವ ಕುಂಚವೊಂದಿದೆ. ಬೆರಳು ಸವರಿದರೆ ಕಲೆ ಮಾಯವಾಗಿ, ಸುತ್ತಲಿನ ಬಣ್ಣವೇ ಆ ಜಾಗವನ್ನು ತುಂಬಿಕೊಳ್ಳುತ್ತದೆ. ಒಂದು ಹಳೆಯ ಕಲ್ಲಿನ ಚಿತ್ರದಲ್ಲಿದ್ದ ಕುಳಿಗಳನ್ನು ನಾನು ಹೀಗೆ ಒಪ್ಪ ಮಾಡಿ, ಅಂದವಾಯಿತೆಂದು ಹಿಗ್ಗಿ ತರಗತಿಯಲ್ಲಿ ತೋರಿಸಿದೆ. ಒಬ್ಬ ಹುಡುಗಿ ತಾನೇ ತೆಗೆದ ಚಿತ್ರದೊಡನೆ ಹೋಲಿಸಿ, "ಗುರುಗಳೇ, ಇಲ್ಲಿ ಒಂದು ಸೊನ್ನೆ ಇತ್ತಲ್ಲರೀ?" ಎಂದಳು. ಇತ್ತು, ನಾನೇ ಅಳಿಸಿದ್ದೆ. ನಂದಾದೀವಿಗೆಯಂಥ ಪರಿಚಿತ ಪದದಲ್ಲಿ ಸೊನ್ನೆ ಬಿದ್ದುಹೋದರೂ ಓದುಗನು ತುಂಬಿಕೊಳ್ಳುತ್ತಾನೆ. ಅದು ಒಂದು ಊರಿನ ಹೆಸರಾಗಿತ್ತು. ಅಲ್ಲಿ ನೆರವಿಗೆ ಬೇರೇನೂ ಇರಲಿಲ್ಲ.

ಪುಣ್ಯಕ್ಕೆ ಮೂಲ ಚಿತ್ರ ಉಳಿದಿತ್ತು. ಲೈಟ್‌ರೂಮಿನಂಥ ಸಾಧನಗಳು ಮೂಲವನ್ನು ಮುಟ್ಟದೆ, ತಿದ್ದುಪಡಿಗಳನ್ನು ಸೂಚನೆಗಳಾಗಿ ಮಾತ್ರ ಬರೆದಿಡುತ್ತವೆ. ಬೇಕಾದಾಗ ಹಿಂದಿರುಗಬಹುದು. ಆದರೆ ತಿದ್ದಿದ ಪ್ರತಿಯನ್ನಷ್ಟೇ ಊರೆಲ್ಲ ಹಂಚಿದರೆ ಆ ಅನುಕೂಲದಿಂದ ಪ್ರಯೋಜನವೇನು? ಇಂದು ಯಂತ್ರವೇ ಸವೆದ ಜಾಗದಲ್ಲಿ ಹೊಸ ಗೆರೆಗಳನ್ನು ಊಹಿಸಿ ಬಿಡಿಸಬಲ್ಲದು. ಅದನ್ನು ಶಾಸನದ ಪಾಠವೆಂದು ನಂಬುವಂತಿಲ್ಲ.

ಸೂಡಿಯದೇ ಒಂದು ನಿದರ್ಶನವಿದೆ. ಗಂಗರ ಬೂತುಗನ ಹೆಸರಿನ, ಕ್ರಿ. ಶ. 938ರ ಕಾಲವನ್ನು ಹೇಳುವ ತಾಮ್ರಪಟಗಳು ಅಲ್ಲಿ ದೊರೆತವು. ಫ್ಲೀಟ್ ಅವರು ಅವನ್ನು ಪರೀಕ್ಷಿಸಿ ಕೂಟಶಾಸನವೆಂದು ಸಾರಿದರು. ತಾಮ್ರದ ಮೇಲೆ ಸುಳ್ಳು ಕೊರೆಯುವುದಕ್ಕೆ ಉಳಿ ಬೇಕಾಗಿತ್ತು, ದಿನಗಳು ಬೇಕಾಗಿದ್ದವು. ಈಗ ಒಂದು ಬೆರಳು, ಒಂದು ಕ್ಷಣ ಸಾಕು. ಮಾಡಿದವನಿಗೆ ತಾನು ಮಾಡಿದೆನೆಂಬ ಅರಿವೂ ಇರುವುದಿಲ್ಲ.

ಆದುದರಿಂದ ಓದುಗರು ಪಾಟಿಯನ್ನು ಧಾರಾಳವಾಗಿ ಬಳಸಲಿ. ನೆರಳು-ಬೆಳಕನ್ನು ತಿದ್ದಲಿ, ಗೆರೆಯನ್ನು ತಿದ್ದದಿರಲಿ. ಮೂಲವನ್ನೂ ತಿದ್ದಿದ್ದನ್ನೂ ಜೊತೆಯಾಗಿ ಇಡಲಿ. ಏನು ಮಾಡಿದೆವೆಂಬುದನ್ನು ಒಂದು ಸಾಲು ಬರೆದಿಡಲಿ. ನಮ್ಮ ಹಳೆಯ ಪಾಟಿಯ ಮೇಲೆ ಬರೆದದ್ದು ನಮ್ಮದು. ಅದನ್ನು ಒರೆಸುವ ಹಕ್ಕು ನಮಗಿತ್ತು. ಹೊಸ ಪಾಟಿಯ ಮೇಲೆ ಮೂಡಿದ ಈ ಅಕ್ಷರಗಳನ್ನು ಬರೆದವರು ಬೇರೆಯವರು.