ಮಂಡಿ ಆಪರೇಷನ್ ಆದ ಮೇಲೆ ಗಾಯ ಒಸರಿದರೆ...

"ಆಪರೇಷನ್ ಮುಗೀತು, ಇನ್ನೇನು ಭಯ?" ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರ ವಿಷಯದಲ್ಲಿ ಮನೆಯವರ ಎಚ್ಚರ ಶುರುವಾಗುವುದೇ ಮನೆಗೆ ಬಂದ ಮೇಲೆ. ನಾನಿದನ್ನು ಕಲಿತದ್ದು ತಪ್ಪು ಮಾಡಿ.

ನಮ್ಮದು ಮಡಿಕೇರಿ ಹತ್ತಿರದ ಹಳ್ಳಿ. ಅತ್ತೆಯವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಸಕ್ಕರೆ ಕಾಯಿಲೆ ಬೇರೆ. ಮಳೆಗಾಲದ ಆರಂಭದಲ್ಲಿ ಮೈಸೂರಿನಲ್ಲಿ ಒಂದು ಮಂಡಿ ಬದಲಾಯಿಸಿದರು. ಹನ್ನೆರಡು ದಿನ ಎಲ್ಲ ಚೆನ್ನಾಗಿತ್ತು. ಹದಿಮೂರನೆಯ ದಿನ ನೋಡಿದರೆ ಒಣಗಿದ್ದ ಗಾಯ ಒಸರಿ ಪಟ್ಟಿಯೆಲ್ಲ ಒದ್ದೆ! ಮಂಡಿ ಕೆಂಪಗೆ, ಬೆಚ್ಚಗೆ. ಇಳಿದಿದ್ದ ನೋವು ಮತ್ತೆ ಏರಿತ್ತು. ಜ್ವರ ಮಾತ್ರ ಇರಲಿಲ್ಲ.

ಪಕ್ಕದ ಮನೆಯಕ್ಕ "ಅರಿಶಿನ ಹಚ್ಚು" ಅಂದರು. ಸುರಿಯುವ ಮಳೆಯಲ್ಲಿ ಸುಮಾರು 120 ಕಿ.ಮೀ. ಯಾರು ಹೋಗುತ್ತಾರೆ ಅಂತ ನಾನು ಮಗನ ಗಂಟಲು ನೋವಿಗೆ ತಂದು ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆ ಎರಡು ದಿನ ಕೊಟ್ಟೆ. ಒಸರುವುದು ನಿಲ್ಲಲಿಲ್ಲ. ಕೊನೆಗೆ ಮೈಸೂರಿಗೆ ಕರೆದೊಯ್ದಾಗ ಡಾಕ್ಟರು ಬೈಯಲಿಲ್ಲ, ಕೂರಿಸಿ ತಿಳಿಸಿ ಹೇಳಿದರು.

"ಮಳೆಗಾಲದಲ್ಲಿ ನಿಮ್ಮ ಅಂಗಳದ ಕಲ್ಲಿಗೆ ಪಾಚಿ ಕಟ್ಟುತ್ತಲ್ಲ, ಹಾಗೇ ಕ್ರಿಮಿಗಳು ಒಳಗಿನ ಲೋಹದ ಮೇಲೆ ಲೋಳೆಯ ಪೊರೆ ಕಟ್ಟುತ್ತವೆ. ಮೊದಮೊದಲು ತೊಳೆದರೆ ಹೋಗುತ್ತೆ. ಬಲಿತರೆ ಕಲ್ಲನ್ನೇ ಕಿತ್ತು ಹಾಕಬೇಕು. ಬರೀ ಮಾತ್ರೆ ಆ ಪೊರೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಪರೀಕ್ಷೆಗೆ ಮುಂಚೆ ಮಾತ್ರೆ ಕೊಟ್ಟರೆ ಯಾವ ಕ್ರಿಮಿ ಅನ್ನುವುದೂ ಪತ್ತೆಯಾಗದೆ ಹೋಗಬಹುದು." ನನಗೆ ನಾಚಿಕೆಯಾಯಿತು.

ಮೊದಲು ರಕ್ತ ಪರೀಕ್ಷೆ ಮಾಡಿ, ಮಂಡಿಯೊಳಗಿನ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಮತ್ತೆ ಆಪರೇಷನ್. ಕೆಟ್ಟ ಭಾಗವನ್ನೆಲ್ಲ ತೆಗೆದು, ಲೀಟರುಗಟ್ಟಲೆ ನೀರಿನಲ್ಲಿ ತೊಳೆದು, ನಡುವಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಹೊಸದು ಹಾಕಿದರು. ಲೋಹದ ಕೀಲು ಉಳಿಯಿತು. ಸೋಂಕು ಬೇಗ ಗೊತ್ತಾಗಿ, ಕೀಲು ಅಲುಗದೆ ಗಟ್ಟಿಯಾಗಿದ್ದರೆ ಮಾತ್ರ ಹೀಗೆ ಉಳಿಸುವ ಪ್ರಯತ್ನ ಮಾಡುತ್ತಾರಂತೆ. ಎಲ್ಲರಿಗೂ ಇದು ಫಲಿಸುವುದಿಲ್ಲ. ಆಗ ಕೀಲನ್ನೇ ತೆಗೆದು, ಔಷಧಿ ಬೆರೆಸಿದ ಸಿಮೆಂಟಿನ ತುಂಡಿಟ್ಟು, ಸೋಂಕು ಹೋದ ಮೇಲೆ ಹೊಸ ಕೀಲು ಹಾಕಬೇಕಾಗುತ್ತದೆ.

ಆಮೇಲೆ ಇಂಜೆಕ್ಷನ್ನು, ಅದು ಮುಗಿದ ಮೇಲೆ ಮಾತ್ರೆ, ಒಟ್ಟು ಹನ್ನೆರಡು ವಾರ. ಅತ್ತೆ "ಇಷ್ಟು ದಿನ ಯಾಕಪ್ಪಾ?" ಅಂತ ಡಾಕ್ಟರನ್ನೇ ಕೇಳಿಬಿಟ್ಟರು. 2021ರಲ್ಲಿ ಪ್ರಕಟವಾದ ಫ್ರಾನ್ಸಿನ ದೊಡ್ಡ ಅಧ್ಯಯನದಲ್ಲಿ, ಆರು ವಾರ ಔಷಧಿ ತೆಗೆದುಕೊಂಡವರಿಗಿಂತ ಹನ್ನೆರಡು ವಾರ ತೆಗೆದುಕೊಂಡವರಲ್ಲಿ ಸೋಂಕು ಉಳಿದದ್ದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ. ಮಾತ್ರೆಗಳಲ್ಲಿ ರಿಫಾಂಪಿಸಿನ್ ಇದ್ದರೆ ಮೂತ್ರ, ಬೆವರು ಕಿತ್ತಳೆ ಬಣ್ಣ ಬರುತ್ತೆ, ಹೆದರಬೇಡಿ. ಆದರೆ ಅದು ಬೇರೆ ಔಷಧಿಗಳ ಕೆಲಸ ಕೆಡಿಸಬಲ್ಲದು, ಹಾಗಾಗಿ ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ.

ಸೋದರಿಯರೇ, ಇಷ್ಟು ನೆನಪಿಡಿ:

* ಒಣಗಿದ ಗಾಯ ಮತ್ತೆ ಒಸರಿದರೆ, ಕೆಂಪು, ಬಿಸಿ, ಊತ ಹೆಚ್ಚಿದರೆ, ಇಳಿದ ನೋವು ಏರಿದರೆ, ಆಪರೇಷನ್ ಮಾಡಿದ ಡಾಕ್ಟರಿಗೆ ಅಂದೇ ತಿಳಿಸಿ. ಜ್ವರ ಬರಲಿ ಅಂತ ಕಾಯಬೇಡಿ.
* ಅರಿಶಿನ, ಎಣ್ಣೆ, ಸೊಪ್ಪಿನ ರಸ ಗಾಯಕ್ಕೆ ಬೇಡ.
* ಉಳಿದ ಮಾತ್ರೆ ಕೊಡಬೇಡಿ. ಬರೆದುಕೊಟ್ಟ ಮಾತ್ರೆಯನ್ನು ಮಧ್ಯೆ ನಿಲ್ಲಿಸಬೇಡಿ.
* ಪಟ್ಟಿ ಮುಟ್ಟುವ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆ ಉಡಿಸಬೇಡಿ.
* ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ.

ಈಗ ಅತ್ತೆ ಕೋಲು ಹಿಡಿದು ಅಂಗಳದ ತುದಿಯವರೆಗೆ ನಡೆಯುತ್ತಾರೆ. ಪಾಚಿ ಕಟ್ಟಿದ ಕಲ್ಲು ಕಂಡರೆ ನನ್ನನ್ನು ಕರೆದು, "ಇದನ್ನ ಇವತ್ತೇ ಉಜ್ಜಿಬಿಡು, ನಾಳೆಗೆ ಇಡಬೇಡ" ಅನ್ನುತ್ತಾರೆ. ನಾನು ಮಾತಾಡದೆ ಪೊರಕೆ ತರುತ್ತೇನೆ.